‘ಬ್ಯಾಡ’ ಅನ್ನಲಾಗದವನ ಒಪ್ಪಿಗೆ

ಪುಣೆಯ ಗಣೇಶಖಿಂಡ ರಸ್ತೆಯ ಟ್ರಾಫಿಕ್ಕಿನಲ್ಲಿ ದಿನಾ ಸಿಕ್ಕಿಕೊಳ್ಳುವವರಲ್ಲಿ ನಾನೂ ಒಬ್ಬ. 1897ರ ಜೂನ್ 22ರ ರಾತ್ರಿ ಇದೇ ರಸ್ತೆಯಲ್ಲಿ ಚಾಪೇಕರ್ ಸಹೋದರರು ಪುಣೆಯ ಪ್ಲೇಗ್ ಸಮಿತಿಯ ಅಧ್ಯಕ್ಷ ರ‍್ಯಾಂಡ್ ಮೇಲೆ ಗುಂಡು ಹಾರಿಸಿದರು. ರೋಗಿಗಳನ್ನು ಹುಡುಕಲು ಸೈನಿಕರು ಮನೆಮನೆಗೆ ನುಗ್ಗಿದ್ದು, ದೇವರ ಕೋಣೆ, ಅಡುಗೆಮನೆಗಳನ್ನೂ ಬಿಡದಿದ್ದುದು ಊರನ್ನೇ ಕೆರಳಿಸಿತ್ತು. ಕೊಲೆಯನ್ನು ನಾನು ಸಮರ್ಥಿಸುತ್ತಿಲ್ಲ. ಪ್ಲೇಗ್ ತಡೆಯುವ ಉದ್ದೇಶವೂ ಕೆಟ್ಟದ್ದಲ್ಲ. ಆದರೆ ಯಾರ ಒಳ್ಳೆಯದಕ್ಕೆಂದು ಅದೆಲ್ಲ ನಡೆಯಿತೋ ಅವರನ್ನು ಯಾರೂ ಒಂದು ಮಾತು ಕೇಳಲಿಲ್ಲ.

ಮರುವರ್ಷ ಪ್ಲೇಗ್ ನಮ್ಮೂರು ಹುಬ್ಬಳ್ಳಿಯಲ್ಲಿ ಹಬ್ಬಿತು. ಅಲ್ಲಿ ದಾರಿ ಬೇರೆಯಾಗಿತ್ತು. ವಿಜ್ಞಾನಿ ಹಾಫ್ಕಿನ್ ಮುಂಬೈಯಲ್ಲಿ ತಯಾರಿಸಿ, 1897ರ ಜನವರಿಯಲ್ಲಿ ಮೊದಲು ತನ್ನ ಮೇಲೆಯೇ ಪ್ರಯೋಗಿಸಿಕೊಂಡಿದ್ದ ಲಸಿಕೆಯನ್ನು ಡಾ. ಲ್ಯೂಮನ್ ಎಂಬ ವೈದ್ಯಾಧಿಕಾರಿ ಹುಬ್ಬಳ್ಳಿಯ ಸಾವಿರಾರು ಜನರಿಗೆ ಹಾಕಿಸಿದರು. ಲಸಿಕೆಗೆ ಫಲವಿದೆ ಎನ್ನಲು ಹುಬ್ಬಳ್ಳಿಯ ಅಂಕಿಗಳನ್ನೇ ಮುಂದೆ ತೋರಿಸಲಾಯಿತು. ಆದರೆ ಇನ್ನೊಂದು ಸಂಗತಿಯಿದೆ. ಮುಂಬೈ ಪ್ರಾಂತ್ಯದಲ್ಲಿ ಆಗ ಲಸಿಕೆ ಹಾಕಿಸಿಕೊಂಡವರಿಗೆ ಒಂದು ಸರ್ಟಿಫಿಕೇಟು ಸಿಗುತ್ತಿತ್ತು. ಅದಿದ್ದರೆ ಪ್ರತ್ಯೇಕ ಶಿಬಿರಕ್ಕೆ ಹೋಗುವುದರಿಂದ ವಿನಾಯಿತಿ. ಹಾಗಿದ್ದಾಗ ಕೈ ಚಾಚಿದವನು ಲಸಿಕೆಗೆ ಒಪ್ಪಿದನೋ, ಶಿಬಿರಕ್ಕೆ ಹೆದರಿದನೋ?

ಕಳೆದ ಬೇಸಿಗೆಯವರೆಗೆ ಈ ಪ್ರಶ್ನೆ ನನಗೆ ಹಳೆಯ ಚರಿತ್ರೆಯಷ್ಟೇ ಆಗಿತ್ತು. ನಮ್ಮ ತಂಡ ಕಟ್ಟಡ ಕಾರ್ಮಿಕರಿಗೆ ಕೈಪಟ್ಟಿ ಕಟ್ಟಿ ಅಧ್ಯಯನ ಮಾಡುತ್ತಿತ್ತು. ನಾಡಿಬಡಿತ, ಚರ್ಮದ ಉಷ್ಣತೆ, ಓಡಾಡುವ ಜಾಗ ಎಲ್ಲವೂ ದಾಖಲಾಗುತ್ತಿತ್ತು. ಬಿಸಿಲಿನ ಹೊಡೆತಕ್ಕೆ ಮುಂಚೆಯೇ ಎಚ್ಚರಿಕೆ ಕೊಡುವ ಸಾಫ್ಟ್‌ವೇರ್ ನಮ್ಮ ಗುರಿ. ಸೈಟಿನಲ್ಲಿ ಯಾದಗಿರಿ, ಕಲಬುರಗಿ ಕಡೆಯವರೇ ಹೆಚ್ಚು. ಒಪ್ಪಿಗೆ ಪತ್ರ ಮಾತ್ರ ಇಂಗ್ಲಿಷ್ ಮತ್ತು ಹಿಂದಿಯಲ್ಲಿತ್ತು. ಎಲ್ಲರ ಹೆಬ್ಬೆಟ್ಟು, ಸಹಿ ಬಂದಿವೆ ಎಂದು ನೋಡಿ ‘ಓಕೆ’ ಎಂದು ಕಳಿಸಿದವನು ನಾನೇ.

ಮೂರನೇ ದಿನ ಸೈಟಿಗೆ ಹೋದೆ. ತಂಡದಲ್ಲಿ ಕನ್ನಡ ಬಲ್ಲವನು ನಾನೊಬ್ಬನೇ. ಒಬ್ಬ ಹಿರಿಯರನ್ನು, “ಕಾಕಾ, ಇದನ್ನ ಯಾಕ ಕಟ್ಯಾರ ಗೊತ್ತೈತೇನ್ರಿ?” ಎಂದು ಕೇಳಿದೆ. “ಹಾಜರಿ ಹಿಡಿಯಾಕಂತ್ರಿ ಸರ” ಎಂದರು. ಅದು ಹಾಜರಿಗಲ್ಲ, ಬೇಡವಾದರೆ ಬಿಚ್ಚಬಹುದು ಎಂದೆ. ಅವರು ನಕ್ಕರು. “ಮುಕಾದಮ ಕಟ್ಕೋ ಅಂದಾನ್ರಿ. ಬ್ಯಾಡ ಅಂದ್ರ ನಾಳಿ ಕೆಲಸಕ್ಕ ಕರೀತಾನೇನ್ರಿ?”

ಎಂ.ಟೆಕ್ ಓದುವಾಗ ಸಂಶೋಧನಾ ನೈತಿಕತೆಯ ಒಂದು ಪಾಠವಿತ್ತು. ಪರೀಕ್ಷೆಗೆಂದು ಉರು ಹೊಡೆದಿದ್ದೆ. ನಾಜಿ ವೈದ್ಯರ ವಿಚಾರಣೆಯ ನಂತರ 1947ರಲ್ಲಿ ಬಂದ ನ್ಯೂರೆಂಬರ್ಗ್ ಸಂಹಿತೆಯ ಮೊದಲ ಸೂತ್ರವೇ ಸ್ವಇಚ್ಛೆಯ ಒಪ್ಪಿಗೆ. ಅಮೆರಿಕದ 1979ರ ಬೆಲ್ಮಾಂಟ್ ವರದಿ ಮೂರು ತತ್ವ ಹೇಳಿತು: ವ್ಯಕ್ತಿಗೆ ಗೌರವ, ಒಳಿತು ಮಾಡುವುದು, ನ್ಯಾಯ. ನಮ್ಮ ಐಸಿಎಂಆರ್‌ನ 2017ರ ಮಾರ್ಗಸೂಚಿಯೂ ಸಹಭಾಗಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಬೇಕು, ದುರ್ಬಲ ಸ್ಥಿತಿಯಲ್ಲಿರುವವರ ಬಗ್ಗೆ ಹೆಚ್ಚಿನ ಎಚ್ಚರ ಬೇಕು ಎನ್ನುತ್ತದೆ.

ಆಫೀಸಿನಲ್ಲಿ ವಾದವಾಯಿತು. “ನಾಳೆ ಸಾವಿರಾರು ಜನರ ಜೀವ ಉಳಿಯಬಹುದು, ಒಂದು ಫಾರ್ಮಿಗಾಗಿ ಅದನ್ನು ನಿಲ್ಲಿಸುವುದೇ?” ಎಂದರು ಮ್ಯಾನೇಜರ್. ಅದು ಹಗುರವಾದ ಮಾತಲ್ಲ. ಹೆಚ್ಚು ಜನರಿಗೆ ಹೆಚ್ಚು ಒಳಿತು ಎಂದು ಜಾನ್ ಸ್ಟುವರ್ಟ್ ಮಿಲ್ ತರ್ಕಿಸಿದ್ದೂ ಇದನ್ನೇ. ಇದಕ್ಕೆ ಎದುರಾಗಿ ನಿಲ್ಲುವವನು ಕಾಂಟ್: ಮನುಷ್ಯನನ್ನು ಬರೀ ಸಾಧನವಾಗಿ ಬಳಸಬೇಡ. ನನಗೆ ಕಂಡದ್ದು ಇನ್ನೂ ಸರಳ. ಲಾಭ ಮುಂದೆ ಎಲ್ಲರಿಗೂ ಸಿಗಬಹುದು, ಆದರೆ ಅದಕ್ಕಾಗಿ ಮೈಯನ್ನು ಅಳತೆಗೆ ಒಡ್ಡುತ್ತಿದ್ದವನು ಇವತ್ತು ಬೇಡ ಅನ್ನಲಾಗದವನು. ನ್ಯಾಯದ ತತ್ವ ಕೇಳುವುದು ಇದನ್ನೇ.

ಮೂರು ಬೇಡಿಕೆ ಇಟ್ಟೆ. ಪತ್ರ ಕನ್ನಡದಲ್ಲಿರಬೇಕು, ಓದಲು ಬಾರದವರಿಗೆ ಓದಿ ಹೇಳಬೇಕು. ಯಾರು ಒಪ್ಪಿದರು, ಯಾರು ಒಪ್ಪಲಿಲ್ಲ ಎಂಬ ಪಟ್ಟಿ ಮುಕಾದಮನ ಕೈಗೆ ಹೋಗಬಾರದು. ಮೊದಲ ಮೂರು ದಿನದ ಡೇಟಾ ಅಳಿಸಬೇಕು. ಮೂರನೆಯದಕ್ಕೇ ಜಗಳ ಹೆಚ್ಚು. ಕೊನೆಗೆ ಅಳಿಸಿದರು. ಕೆಲಸ ಕೆಲವು ವಾರ ತಡವಾಯಿತು, ಕೆಲವರು ಕೈಪಟ್ಟಿ ಬಿಚ್ಚಿ ಕೊಟ್ಟರು. ಕಾಕಾ ಮಾತ್ರ ವಿಷಯ ಪೂರ್ತಿ ಕೇಳಿ, ಯೋಚಿಸಿ ಮತ್ತೆ ಕಟ್ಟಿಕೊಂಡರು.

ಖಾಸಗಿತನ ಮೂಲಭೂತ ಹಕ್ಕು ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಸಾರಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಮೊಕದ್ದಮೆಯಲ್ಲಿ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ, ಒಪ್ಪಿಗೆಯ ಕೋರಿಕೆಯನ್ನು ಎಂಟನೇ ಪರಿಚ್ಛೇದದ ಭಾಷೆಗಳಲ್ಲೂ ಓದುವ ಆಯ್ಕೆ ಇರಬೇಕೆನ್ನುತ್ತದೆ. ಕನ್ನಡ ಆ ಪಟ್ಟಿಯಲ್ಲಿದೆ. ಆದರೆ ಬರೀ ಕಾಯ್ದೆ ಸೈಟಿಗೆ ಹೋಗಿ ಕಾಕಾನನ್ನು ಮಾತಾಡಿಸುವುದಿಲ್ಲ.

ಹೊರರಾಜ್ಯದ ಆಫೀಸುಗಳಲ್ಲಿ, ಆಸ್ಪತ್ರೆಗಳಲ್ಲಿ, ಪ್ರಯೋಗಾಲಯಗಳಲ್ಲಿ ಕನ್ನಡ ಬಲ್ಲವರು ಎಷ್ಟೋ ಸಲ ನಾವೊಬ್ಬರೇ ಇರುತ್ತೇವೆ. ಮುಂದಿನ ಸಲ ನಿಮ್ಮ ಮುಂದೆ ಒಪ್ಪಿಗೆ ಪತ್ರಗಳ ಕಟ್ಟು ಬಂದಾಗ ಸಹಿ ಎಣಿಸಿ ಸುಮ್ಮನಾಗಬೇಡಿ. ಸಹಿ ಮಾಡಿದವರಲ್ಲಿ ಒಬ್ಬರನ್ನಾದರೂ ಹುಡುಕಿ, ಬೇಡ ಅಂದಿದ್ದರೆ ಏನಾಗುತ್ತಿತ್ತು ಎಂದು ಅವರ ಭಾಷೆಯಲ್ಲೇ ಕೇಳಿ. ನಾನು ಅದನ್ನು ಮೂರು ದಿನ ತಡವಾಗಿ ಕೇಳಿದೆ.