ಮಾತ್ರೆಗೂ ಮುನ್ನ ರಕ್ತಪರೀಕ್ಷೆ
ಎಚ್‌ಐವಿ ತಗುಲದಂತೆ ಮುಂಚಿತವಾಗಿ ನುಂಗುವ 'ಪ್ರೆಪ್' ಮಾತ್ರೆ ಕರ್ನಾಟಕಕ್ಕೆ ಹೊಸದಲ್ಲ. ಮೈಸೂರಿನ ಆಶೋದಯ ಸಮಿತಿ 2016ರಲ್ಲೇ ಲೈಂಗಿಕ ಕಾರ್ಯಕರ್ತರ ನಡುವೆ ಇದರ ಪ್ರಾಯೋಗಿಕ ಯೋಜನೆ ಕೈಗೊಂಡಿತ್ತು. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ ಮಾರ್ಗಸೂಚಿ ಬಂದದ್ದು 2022ರಲ್ಲಿ. ಆದರೆ ಗುಳೆಗೆ ಹೆಸರಾದ ಯಾದಗಿರಿ ಜಿಲ್ಲೆಯ ಶಿರವಾಳದಂಥ ಊರುಗಳ ಮಟ್ಟಿಗೆ, ಮಾತ್ರೆಗಿಂತ ಅದಕ್ಕೂ ಮುಂಚಿನ ತಪಾಸಣೆಯೇ ದೊಡ್ಡ ಪ್ರಶ್ನೆ.

ಮೊದಲು ಎಚ್‌ಐವಿ ಇಲ್ಲವೆಂಬುದು ಖಚಿತವಾಗಬೇಕು. ಸೋಂಕಿರುವವರು ಅರಿಯದೆ ಟೆನೊಫೊವಿರ್, ಎಮ್ಟ್ರಿಸಿಟಬೈನ್ ಎರಡನ್ನಷ್ಟೇ ನುಂಗುತ್ತಿದ್ದರೆ ವೈರಾಣು ಅವಕ್ಕೆ ಜಗ್ಗದಂತಾಗಿ ಮುಂದಿನ ಚಿಕಿತ್ಸೆಯೇ ಕಠಿಣವಾದೀತು. ಸೋಂಕಿನ ಮೊದಲ ವಾರಗಳಲ್ಲಿ ಪರೀಕ್ಷೆ 'ಇಲ್ಲ' ಎನ್ನುವುದೂ ಉಂಟು. ಆದ್ದರಿಂದ ಇತ್ತೀಚಿನ ಜ್ವರ, ಗಂಟಲು ನೋವು, ಮೈಮೇಲಿನ ದದ್ದುಗಳನ್ನು ವೈದ್ಯರಿಂದ ಮುಚ್ಚಿಡಬಾರದು. ಟೆನೊಫೊವಿರ್ ಮೂತ್ರಪಿಂಡವನ್ನು ಬಾಧಿಸಬಹುದಾದ್ದರಿಂದ ಕ್ರಿಯಾಟಿನಿನ್ ನೋಡಬೇಕು. ಹೆಪಟೈಟಿಸ್ ಬಿ ಇದ್ದವರು ಮಾತ್ರೆಯನ್ನು ತಟ್ಟನೆ ನಿಲ್ಲಿಸಿದರೆ ಯಕೃತ್ತಿನ ಬೇನೆ ಉಲ್ಬಣಿಸಬಹುದು. ಸಿಫಿಲಿಸ್‌ಗಂತೂ ಈ ಮಾತ್ರೆ ತಡೆಯೇ ಅಲ್ಲ. ಅದರ ಪರೀಕ್ಷೆ ಪ್ರತ್ಯೇಕ.

ಸರ್ಕಾರಿ ಐಸಿಟಿಸಿ ಕೇಂದ್ರಗಳಲ್ಲಿ ಎಚ್‌ಐವಿ ಪರೀಕ್ಷೆ ಉಚಿತ, 2017ರ ಕಾಯ್ದೆಯಂತೆ ಗೋಪ್ಯ. ಆದರೆ ಮೂರು ತಿಂಗಳಿಗೊಮ್ಮೆ ಮರುಪರೀಕ್ಷೆ ಆಗಬೇಕು. ಹಬ್ಬಕ್ಕೋ ಜಾತ್ರೆಗೋ ಮಾತ್ರ ಊರಿಗೆ ಮರಳುವ ಕೂಲಿಕಾರನಿಗೆ ಅದು ದುಡಿಯುವ ನಗರದಲ್ಲೇ ದೊರೆಯಬೇಕು.