ಜಾಕ್ಸನ್ ಹೋದ, ಲೆಕ್ಕ ಉಳಿಯಿತು

ಮುಂಬಯಿ ಮಹಾನಗರಕ್ಕೆ ಈಗ ವಿದೇಶೀ ಗಾಯಕರ ಭೇಟಿ ಹೊಸದಲ್ಲ. 2017ರ ಮೇ ತಿಂಗಳಲ್ಲಿ ಜಸ್ಟಿನ್ ಬೀಬರ್ ನೆರೂಲಿನ ಡಿ.ವೈ. ಪಾಟೀಲ್ ಸ್ಟೇಡಿಯಮ್ಮಿನಲ್ಲಿ ಹಾಡಿ ಹೋದರು. 2025ರ ಜನವರಿಯಲ್ಲಿ ಅದೇ ಮೈದಾನದಲ್ಲಿ ಕೋಲ್ಡ್‌ಪ್ಲೇ ತಂಡ ಮೂರು ದಿನ ಕಾರ್ಯಕ್ರಮ ನೀಡಿತು. ಅದರ ಟಿಕೇಟುಗಳು ಕಾಳಸಂತೆಯಲ್ಲಿ ಕಂಡ ಬೆಲೆ ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು. ಆದರೆ ಈ ನಗರದಲ್ಲಿ ನಾಲ್ಕು ದಶಕ ಕಳೆದ ಯಾವ ಕನ್ನಡಿಗನನ್ನು ಕೇಳಿದರೂ ಅವರ ನೆನಪಿಗೆ ಮೊದಲು ಬರುವುದು 1996ರ ನವಂಬರ್ 1. ಅಂದು ಸಂಜೆ ಅಂಧೇರಿಯ ಸ್ಪೋರ್ಟ್ಸ್ ಕಾಂಪ್ಲೆಕ್ಸಿನಲ್ಲಿ ಮೈಕಲ್ ಜಾಕ್ಸನ್ ಹಾಡಿ ಕುಣಿದಿದ್ದರು. ಆ ಒಂದು ಸಂಜೆಯ ಲೆಕ್ಕ ಇತ್ಯರ್ಥವಾಗಲು ಸುಮಾರು 24 ವರ್ಷ ಬೇಕಾಯಿತು. ಆ ಕತೆಯನ್ನು ಇಂದು ನಮ್ಮ ಸಂಘ-ಸಂಸ್ಥೆಗಳ ಬಂಧುಗಳ ಮುಂದಿಡಲು ಕಾರಣವಿದೆ.

ಜಾಕ್ಸನ್ ಮುಂಬಯಿಗೆಂದೇ ಬಂದವರಲ್ಲ. ‘ಹಿಸ್ಟರಿ’ ಎಂಬ ಹೆಸರಿನ ಅವರ ವಿಶ್ವ ಪ್ರವಾಸ 1996ರ ಸಪ್ಟಂಬರ್ 7ರಂದು ಜೆಕ್ ಗಣರಾಜ್ಯದ ಪ್ರಾಗ್ ನಗರದಲ್ಲಿ ಆರಂಭವಾಗಿ 1997ರ ಅಕ್ಟೋಬರ್ 15ರಂದು ದಕ್ಷಿಣ ಆಫ್ರಿಕಾದ ಡರ್ಬನ್ನಿನಲ್ಲಿ ಮುಕ್ತಾಯವಾಯಿತು. ಒಟ್ಟು 82 ಪ್ರದರ್ಶನಗಳು. ಕ್ವಾಲಾಲಂಪುರ ಮುಗಿಸಿ ಬ್ಯಾಂಕಾಕಿಗೆ ಹೋಗುವ ನಡುವೆ ಮುಂಬಯಿಗೆ ಒಂದೇ ಒಂದು ರಾತ್ರಿ ಸಿಕ್ಕಿತು. ಅವರೊಡನೆ ರಂಗಸಜ್ಜಿಕೆ, ದೀಪ, ಧ್ವನಿವರ್ಧಕಗಳೆಲ್ಲ ಸರಕು ವಿಮಾನಗಳಲ್ಲಿ ಬಂದಿಳಿದವು. ರಂಗದ ಮೇಲೆ ಯುದ್ಧದ ಟ್ಯಾಂಕೇ ಉರುಳಿ ಬರುವ ದೃಶ್ಯವಿತ್ತು. ಅಂದು ಅಂಧೇರಿ, ಜೋಗೇಶ್ವರಿ, ವರ್ಸೋವಾ ಪರಿಸರದ ನಮ್ಮ ಹೊಟೇಲುಗಳಲ್ಲಿ ಗಲ್ಲೆಯ ಮೇಲೆ ಕುಳಿತಿದ್ದವರಿಗೆ, ರಾತ್ರಿ ಶಾಲೆ ಮುಗಿಸಿ ಲೋಕಲ್ ರೈಲಿಗೆ ಓಡುತ್ತಿದ್ದವರಿಗೆ ಟಿಕೇಟು ಕೊಳ್ಳುವ ಯೋಗ್ಯತೆ ಇರಲಿಲ್ಲವಾದರೂ ಊರಿಗೆಲ್ಲ ಬಂದ ಆ ಸಡಗರ ಅವರಿಗೂ ತಟ್ಟದೆ ಇರಲಿಲ್ಲ.

ಆ ಕಾರ್ಯಕ್ರಮಕ್ಕೆ ಒಂದು ಘನ ಉದ್ದೇಶವನ್ನು ಪ್ರಕಟಿಸಲಾಗಿತ್ತು. ನಿರುದ್ಯೋಗಿ ಯುವಕರಿಗೆ ಉದ್ಯೋಗ ಒದಗಿಸಲೆಂದು ರಾಜ್ ಠಾಕ್ರೆ ಅವರ ನೇತೃತ್ವದಲ್ಲಿ ಸ್ಥಾಪನೆಯಾಗಿದ್ದ ಶಿವ ಉದ್ಯೋಗ ಸೇನೆಗೆ ನಿಧಿ ಸಂಗ್ರಹಿಸುವುದು ಆ ಉದ್ದೇಶ. ಕಾರ್ಯಕ್ರಮವನ್ನು ಏರ್ಪಡಿಸಿದ್ದು ವಿಜ್‌ಕ್ರಾಫ್ಟ್ ಎಂಬ ಸಂಸ್ಥೆ. ಆಗ ಅಧಿಕಾರದಲ್ಲಿದ್ದ ಶಿವಸೇನೆ-ಭಾಜಪ ಸರಕಾರ ಟಿಕೇಟಿನ ಮೇಲಿನ ಮನರಂಜನಾ ತೆರಿಗೆಯನ್ನು ಮನ್ನಾ ಮಾಡಿತು. ಮೊತ್ತ ಮೂರು ಕೋಟಿ ರೂಪಾಯಿಗೂ ಮಿಕ್ಕಿದ್ದು. ‘ಈ ವಿನಾಯಿತಿ ಯಾವ ನ್ಯಾಯ?’ ಎಂದು ಮುಂಬಯಿ ಗ್ರಾಹಕ ಪಂಚಾಯತ್ ಉಚ್ಚ ನ್ಯಾಯಾಲಯದ ಮೆಟ್ಟಲೇರಿತು. ವಿವಾದಕ್ಕೊಳಗಾದ ಹಣ ತಡೆಹಿಡಿಯಲ್ಪಟ್ಟಿತು. ವರ್ಷಗಳ ಬಳಿಕ ನ್ಯಾಯಾಲಯ ಆ ವಿನಾಯಿತಿಯನ್ನು ಬದಿಗಿರಿಸಿ, ಸರಕಾರ ಮತ್ತೊಮ್ಮೆ ಯೋಚಿಸಿ ನಿರ್ಧರಿಸಬೇಕೆಂದಿತು. ಕೊನೆಗೆ 2021ರ ಜನವರಿಯಲ್ಲಿ ಮಹಾರಾಷ್ಟ್ರದ ಸಚಿವ ಸಂಪುಟ ವಿನಾಯಿತಿಗೆ ಒಪ್ಪಿ, ಆ ಹಣ ಸಂಘಟಕ ಸಂಸ್ಥೆಗೆ ಮರಳುವ ದಾರಿ ತೆರೆಯಿತು.

ಅಷ್ಟರಲ್ಲಿ ಏನೆಲ್ಲ ನಡೆದುಹೋಗಿತ್ತು! ಜಾಕ್ಸನ್ 2009ರ ಜೂನ್ 25ರಂದು ತೀರಿಕೊಂಡಿದ್ದರು. ಮನರಂಜನಾ ತೆರಿಗೆಯೇ 2017ರ ಜುಲೈಯಲ್ಲಿ ಜಿಎಸ್‌ಟಿಯೊಳಗೆ ಸೇರಿಹೋಗಿತ್ತು. ಯಾವ ಯುವಕರ ಉದ್ಯೋಗದ ಹೆಸರಿನಲ್ಲಿ ಆ ಸಂಜೆ ಟಿಕೇಟು ಮಾರಾಟವಾಯಿತೋ ಅವರಲ್ಲಿ ಅಂದು ಇಪ್ಪತ್ತರ ಹರೆಯದವರಾಗಿದ್ದವರು 44 ದಾಟಿದ್ದರು.

ಯಾರು ಸರಿ, ಯಾರು ತಪ್ಪು ಎಂದು ತೀರ್ಪು ನೀಡುವುದು ಈ ಅಂಕಣದ ಕೆಲಸವಲ್ಲ. ಗಾಯಕನನ್ನಂತೂ ದೂರುವಂತಿಲ್ಲ, ಆತ ಬಂದು ಒಪ್ಪಿದ ಕೆಲಸವನ್ನು ಮಾಡಿ ಹೋದ. ಗ್ರಾಹಕ ಪಂಚಾಯತ್ ಕೇಳಿದ ಪ್ರಶ್ನೆ ಮಾತ್ರ ಸರಳವಾದುದು, ಮತ್ತು ಎಲ್ಲ ಕಾಲಕ್ಕೂ ಸಲ್ಲುವಂಥದು. ತೆರಿಗೆ ಮನ್ನಾ ಎಂದರೆ ಸರಕಾರ ಬಿಟ್ಟುಕೊಟ್ಟ ಹಣ. ಅಂದರೆ ಟಿಕೇಟು ಕೊಳ್ಳದವನ, ಹಾಡು ಕೇಳದವನ ಹಣ ಕೂಡ. ಅದನ್ನು ಒಳ್ಳೆಯ ಕಾರ್ಯದ ಹೆಸರಿನಲ್ಲಿ ಪಡೆದ ಮೇಲೆ ಆ ಕಾರ್ಯಕ್ಕೆ ಎಷ್ಟು ಸಂದಿತು ಎಂದು ಕೇಳುವ ಹಕ್ಕು ಅವನಿಗಿದೆ.

ವಿಶ್ವ ಪ್ರವಾಸಗಳ ವ್ಯವಹಾರ ತಿಳಿದವರಿಗೆ ಇನ್ನೊಂದು ಮಾತು ಗೊತ್ತು. ಇಂಥ ಕಾರ್ಯಕ್ರಮಗಳಲ್ಲಿ ಗಾಯಕನ ಸಂಭಾವನೆ ಮೊದಲೇ ನಿಗದಿಯಾಗಿರುತ್ತದೆ. ಆ ಬಳಿಕ ಮೈದಾನದ ಬಾಡಿಗೆ, ಸಾಗಾಟ, ವಸತಿ, ಬಂದೋಬಸ್ತು, ಜಾಹೀರಾತು. ಸಂಘಟಕನ ಪಾಲು ಬೇರೆ. ‘ಸಹಾಯಾರ್ಥ’ ಎಂಬುದು ಸಾಲಿನ ಕಟ್ಟಕಡೆಯಲ್ಲಿ ನಿಂತಿರುತ್ತದೆ; ಎಲ್ಲರೂ ಉಂಡು ಮಿಕ್ಕಿದ್ದು ಅದಕ್ಕೆ. ಪ್ರೇಕ್ಷಕನಾದರೋ ತಾನು ತೆತ್ತ ಹಣವೆಲ್ಲ ಸತ್ಕಾರ್ಯಕ್ಕೇ ಹೋಯಿತೆಂದು ತಿಳಿದು ತೃಪ್ತಿಯಿಂದ ಮನೆಗೆ ಹೋಗುತ್ತಾನೆ. ಈ ಎರಡರ ನಡುವಿನ ಅಂತರದಲ್ಲಿಯೇ ಎಲ್ಲ ಗುಮಾನಿಗಳೂ ಹುಟ್ಟುವುದು.

ಅದೇ ನವಂಬರ್ ತಿಂಗಳ 23ರಂದು ನಮ್ಮ ಬೆಂಗಳೂರಿನಲ್ಲಿ ವಿಶ್ವ ಸುಂದರಿ ಸ್ಪರ್ಧೆ ನಡೆದದ್ದನ್ನೂ ಇಲ್ಲಿ ನೆನೆಯಬಹುದು. ಅಮಿತಾಭ್ ಬಚ್ಚನ್ ಅವರ ಎಬಿಸಿಎಲ್ ಸಂಸ್ಥೆ ಏರ್ಪಡಿಸಿದ ಆ ಸ್ಪರ್ಧೆಯನ್ನು ಪ್ರೊ. ನಂಜುಂಡಸ್ವಾಮಿಯವರ ರೈತ ಸಂಘವೂ ಸೇರಿದಂತೆ ಹಲವರು ವಿರೋಧಿಸಿದರು. ಈಜುಡುಗೆಯ ಸುತ್ತನ್ನು ಸೇಶೆಲ್ಸ್ ದ್ವೀಪಕ್ಕೆ ಒಯ್ಯಬೇಕಾಯಿತು. ಸಂಘಟಕ ಸಂಸ್ಥೆ ಆ ಬಳಿಕ ಆರ್ಥಿಕ ಸಂಕಷ್ಟಕ್ಕೆ ಸಿಲುಕಿದ್ದೂ ಎಲ್ಲರಿಗೂ ತಿಳಿದ ವಿಷಯ. ಮುಂಬಯಿಯಲ್ಲಿ ಜಾಕ್ಸನ್ನರ ಕುಣಿತ ನಮ್ಮ ಸಂಸ್ಕೃತಿಗೆ ಒಗ್ಗುವುದೇ ಎಂಬ ಚರ್ಚೆ, ಬೆಂಗಳೂರಿನಲ್ಲಿ ಉಡುಗೆ-ತೊಡುಗೆಯ ಚರ್ಚೆ. ಸಂಸ್ಕೃತಿಯ ಬಗ್ಗೆ ನಾವು ಗಂಟಲು ಹರಿಯುವಷ್ಟು ಮಾತನಾಡಿದೆವು. ಲೆಕ್ಕದ ಬಗ್ಗೆ ಕೇಳಿದವರು ಬೆರಳೆಣಿಕೆಯ ಮಂದಿ. ಜಾಕ್ಸನ್ ಬಂದು ಹೋದದ್ದರಿಂದ ಮರಾಠಿ ಸಂಸ್ಕೃತಿಯೂ ಕೆಡಲಿಲ್ಲ, ನಮ್ಮ ಯಕ್ಷಗಾನವೂ ನಿಲ್ಲಲಿಲ್ಲ. ಬಾಕಿ ಉಳಿದದ್ದು ಲೆಕ್ಕವೇ.

ಈಗ ನಮ್ಮ ಮನೆಯ ವಿಚಾರಕ್ಕೆ ಬರೋಣ. ಹೊರನಾಡ ಕನ್ನಡಿಗರ ಸಂಘಟನೆಗಳು ಬೆಳೆದದ್ದೇ ಸಹಾಯಾರ್ಥ ಪ್ರದರ್ಶನಗಳಿಂದ. ರಾತ್ರಿ ಶಾಲೆಯ ಮಕ್ಕಳ ಪುಸ್ತಕಕ್ಕೆ ನಾಟಕ, ಸಂಘದ ಕಟ್ಟಡ ನಿಧಿಗೆ ಸಂಗೀತ ರಸಮಂಜರಿ, ಊರ ದೇವಸ್ಥಾನದ ಜೀರ್ಣೋದ್ಧಾರಕ್ಕೆ ಯಕ್ಷಗಾನ, ವೈದ್ಯಕೀಯ ನೆರವಿಗೆ ತಾಳಮದ್ದಳೆ. ಮಳೆಗಾಲದಲ್ಲಿ ಊರಿನ ಮೇಳಗಳಿಗೆ ತಿರುಗಾಟವಿಲ್ಲದ ದಿನಗಳಲ್ಲಿ ಕಲಾವಿದರು ಮುಂಬಯಿಗೆ ಬಂದು ಒಂದು ಸಂಘದಿಂದ ಇನ್ನೊಂದು ಸಂಘಕ್ಕೆ ಸಂಚರಿಸುತ್ತಾರೆ. ಅದು ನಮ್ಮ ಪಾಲಿನ ವಿಶ್ವ ಪ್ರವಾಸ! ಹಿಂದಿನ ಪೀಳಿಗೆಯ ಕಾರ್ಯಕರ್ತರು ಟಿಕೇಟು ಪುಸ್ತಕ ಹಿಡಿದು ಹೊಟೇಲಿನಿಂದ ಹೊಟೇಲಿಗೆ, ಚಾಳಿನಿಂದ ಚಾಳಿಗೆ ಅಲೆದು ಒಂದೊಂದು ರೂಪಾಯಿ ಕೂಡಿಸಿ ಕಟ್ಟಿದ ಸಂಸ್ಥೆಗಳ ನೆರಳಿನಲ್ಲಿ ಇಂದು ನಾವು ಕುಳಿತಿದ್ದೇವೆ. ಅವರ ಸೇವೆಯನ್ನು ಎಷ್ಟು ಸ್ಮರಿಸಿದರೂ ಕಡಿಮೆ.

ಆದರೆ ಇತ್ತೀಚಿನ ವರ್ಷಗಳಲ್ಲಿ ‘ಸಹಾಯಾರ್ಥ’ ಎಂಬ ಪದ ಆಮಂತ್ರಣ ಪತ್ರಿಕೆಯ ಅಲಂಕಾರವಾಗುತ್ತಿದೆಯೇ ಎಂಬ ಸಂದೇಹವನ್ನು ಅಲ್ಲಗಳೆಯುವಂತಿಲ್ಲ. ವಾರ್ಷಿಕೋತ್ಸವದ ಖರ್ಚು, ಗಣ್ಯರ ಶಾಲು-ಫಲ-ಪುಷ್ಪ, ಸ್ಮರಣ ಸಂಚಿಕೆಯ ಮುದ್ರಣ, ಊಟೋಪಚಾರ ಎಲ್ಲವೂ ಕಳೆದು ಮಿಕ್ಕಿದ್ದು ವಿದ್ಯಾರ್ಥಿವೇತನಕ್ಕೆ. ಮಿಕ್ಕದಿದ್ದರೆ ವಿದ್ಯಾರ್ಥಿವೇತನ ಮುಂದಿನ ವರ್ಷಕ್ಕೆ. ಸ್ಮರಣ ಸಂಚಿಕೆಗೆ ಜಾಹೀರಾತು ಕೊಟ್ಟ ಹೊಟೇಲು ಉದ್ಯಮಿಗೆ ರಶೀದಿ ಸಿಗುತ್ತದೆ, ನೆನಪಿನ ಕಾಣಿಕೆ ಸಿಗುತ್ತದೆ, ತನ್ನ ಹಣದಿಂದ ಯಾವ ಮಗುವಿನ ಶುಲ್ಕ ಪಾವತಿಯಾಯಿತೆಂಬ ಮಾತು ಸಿಗುವುದಿಲ್ಲ. ಇದರಲ್ಲಿ ಯಾರೂ ಹಣ ಹೊಡೆದಿದ್ದಾರೆಂದು ನಾವು ಹೇಳುತ್ತಿಲ್ಲ. ಹೆಚ್ಚಿನ ಸಂಘಗಳಲ್ಲಿ ಪದಾಧಿಕಾರಿಗಳೇ ಕೈಯಿಂದ ಹಾಕಿ ಕಾರ್ಯಕ್ರಮ ಸುಧಾರಿಸಿರುತ್ತಾರೆ. ಆದರೆ ಅದೂ ಲೆಕ್ಕದಲ್ಲಿ ಬಾರದ ಕಾರಣ ಅವರ ತ್ಯಾಗವೂ ಜನರಿಗೆ ಗೊತ್ತಾಗುವುದಿಲ್ಲ!

‘ನಾವು ನೌಕರಿ, ಮನೆ ಬಿಟ್ಟು ಪುಕ್ಕಟೆ ದುಡಿಯುತ್ತೇವೆ, ನಮ್ಮನ್ನೇ ಲೆಕ್ಕ ಕೇಳುವುದೇ?’ ಎಂದು ಕೆಲವರು ನೊಂದುಕೊಳ್ಳುತ್ತಾರೆ. ಅವರ ನೋವು ಸಹಜ. ಆದರೆ ಲೆಕ್ಕ ಕೊಡುವುದು ಕಳ್ಳನ ಲಕ್ಷಣವಲ್ಲ, ಯಜಮಾನನ ಲಕ್ಷಣ. ಸಾರ್ವಜನಿಕ ವಿಶ್ವಸ್ಥ ಸಂಸ್ಥೆಗಳ ಕಾಯಿದೆಯಡಿ ನೋಂದಣಿಯಾದ ಸಂಘ ಲೆಕ್ಕಪರಿಶೋಧನೆ ಮಾಡಿಸಿ ಚಾರಿಟಿ ಕಮಿಷನರ್ ಕಚೇರಿಗೆ ಸಲ್ಲಿಸಲೇಬೇಕು. ಕಮಿಷನರಿಗೆ ತೋರಿಸುವುದನ್ನು ಸದಸ್ಯರಿಗೆ ತೋರಿಸಲು ಅಳುಕೇಕೆ? ವರ್ಷಕ್ಕೊಮ್ಮೆ ಮಹಾಸಭೆಯಲ್ಲಿ ಕೋಶಾಧಿಕಾರಿ ಓಡೋಡಿ ಓದುವ ಅಂಕಿಗಳು ಯಾರ ತಲೆಗೂ ಹೋಗುವುದಿಲ್ಲ. ಊಟಕ್ಕೆ ಹೊತ್ತಾಯಿತೆಂದು ‘ಅನುಮೋದಿಸಲಾಯಿತು’ ಎಂದು ಬರೆದುಕೊಳ್ಳಲಾಗುತ್ತದೆ.

‘ಜಾಕ್ಸನ್ನನ ಕೋಟಿಗಳೆಲ್ಲಿ, ನಮ್ಮ ಸಾವಿರಗಳೆಲ್ಲಿ?’ ಎಂದು ಕೇಳುವವರಿಗೂ ಒಂದು ಮಾತು. ಅಂಧೇರಿಯಲ್ಲಿ ಟಿಕೇಟು ಕೊಂಡವರು ಸಂಘಟಕರ ಗುರುತಿನವರಲ್ಲ. ನಮ್ಮಲ್ಲಿ ಟಿಕೇಟು ಕೊಳ್ಳುವವರು ನಮ್ಮ ಪರಿಚಯದವರು, ನೆರೆಮನೆಯವರು, ಕ್ಯಾಂಟೀನಿನಲ್ಲಿ ದುಡಿದು ಊರಿಗೆ ಮನಿಯಾರ್ಡರ್ ಮಾಡಿದ ಹಿರಿಯರು. ‘ಇವರ ಮಾತಿಗೆ ಇಲ್ಲ ಎನ್ನುವುದು ಹೇಗೆ’ ಎಂದು ದಾಕ್ಷಿಣ್ಯಕ್ಕೆ ಕೊಟ್ಟ ಹಣಕ್ಕೆ ಕೋಟಿಯ ಹಣಕ್ಕಿಂತ ಹೆಚ್ಚಿನ ಉತ್ತರದಾಯಿತ್ವ ಬೇಕು. ಇಲ್ಲಿ ವಿಶ್ವಾಸ ಮುರಿದರೆ ಯಾವ ನ್ಯಾಯಾಲಯವೂ ಜೋಡಿಸಿಕೊಡದು. ಯುವ ಪೀಳಿಗೆ ಸಂಘಗಳತ್ತ ಬರುವುದಿಲ್ಲವೆಂದು ಪ್ರತಿಯೊಂದು ವೇದಿಕೆಯಲ್ಲಿ ಹಲುಬುತ್ತೇವೆ. ಬ್ಯಾಂಕಿನ ಪ್ರತಿಯೊಂದು ವ್ಯವಹಾರ ಮೊಬೈಲಿನಲ್ಲಿ ಕ್ಷಣದಲ್ಲಿ ಕಾಣುವ ಕಾಲದಲ್ಲಿ ಬೆಳೆದವರಿಗೆ ‘ಎಲ್ಲ ಸರಿಯಾಗಿದೆ, ನಂಬಿ’ ಎಂಬ ಮಾತು ಸಾಲದು.

ಆದುದರಿಂದ ನಮ್ಮ ಸಂಘ-ಸಂಸ್ಥೆಗಳ ಮುಂದೆ ಕೆಲವು ಸಲಹೆಗಳನ್ನು ವಿನಮ್ರವಾಗಿ ಇಡುತ್ತಿದ್ದೇವೆ. ಒಂದು, ಸಹಾಯಾರ್ಥ ಎಂದು ಅಚ್ಚು ಹಾಕಿಸುವ ಮುನ್ನ ಯಾರ ಸಹಾಯಕ್ಕೆ, ಒಟ್ಟು ಸಂಗ್ರಹದಲ್ಲಿ ಕನಿಷ್ಠ ಎಷ್ಟು ಎಂಬುದನ್ನು ಟಿಕೇಟಿನ ಮೇಲೆಯೇ ನಮೂದಿಸಲಿ. ಆ ಮೊತ್ತ ಎಲ್ಲ ಖರ್ಚಿಗಿಂತ ಮೊದಲು ಬೇರೆಯಾಗಲಿ. ಎರಡು, ಕಾರ್ಯಕ್ರಮ ಮುಗಿದ ಮೂವತ್ತು ದಿನಗಳೊಳಗೆ ಒಂದು ಪುಟದ ಜಮಾ-ಖರ್ಚು ಸಂಘದ ಫಲಕದಲ್ಲಿ ಕಾಣಲಿ. ಪತ್ರಿಕೆಯ ಈ ಪುಟಕ್ಕೆ ಕಳುಹಿಸಿದರೆ ಸನ್ಮಾನದ ಚಿತ್ರಕ್ಕೆ ಕೊಡುವಷ್ಟೇ ಜಾಗವನ್ನು ಅದಕ್ಕೂ ಸಂತೋಷದಿಂದ ಕೊಡುತ್ತೇವೆ. ಮೂರು, ಊರಿಂದ ಬರುವ ಕಲಾವಿದರ ಸಂಭಾವನೆ ಮೊದಲೇ ಮಾತಾಗಿ ಆ ರಾತ್ರಿಯೇ ಕೈಸೇರಲಿ. ಚೆಂಡೆ-ಮದ್ದಳೆಯವರು, ಬಣ್ಣ-ವೇಷಭೂಷಣದವರು, ಮೈಕು-ದೀಪದವರು ಕೂಡ ಆ ಪಟ್ಟಿಯಲ್ಲಿರಲಿ. ಒಳ್ಳೆಯ ಕಾರ್ಯದ ಹೆಸರಿನಲ್ಲಿ ಬಡ ಕಲಾವಿದನ ಹೊಟ್ಟೆಗೆ ಕಡಿತವಾದರೆ ದಾನ ಕೊಟ್ಟವನು ಅವನೇ ಹೊರತು ಸಂಘವಲ್ಲ.

ನಾಲ್ಕನೆಯದು, ಎಲ್ಲಕ್ಕೂ ಮುಖ್ಯವಾದುದು. ಮನರಂಜನೆಗಾಗಿಯೇ ಕಾರ್ಯಕ್ರಮ ಮಾಡುವುದಿದ್ದರೆ ಹಾಗೆಂದೇ ಹೇಳೋಣ. ವರ್ಷವಿಡೀ ದುಡಿದ ಜನ ಒಂದು ಸಂಜೆ ತಮ್ಮ ಭಾಷೆಯ ಹಾಡು ಕೇಳಿ, ನಾಟಕ ನೋಡಿ ನಗುವುದರಲ್ಲಿ ನಾಚಿಕೆಪಡುವಂಥದೇನೂ ಇಲ್ಲ. ಕಲೆಗೆ ತನ್ನದೇ ಆದ ಮಾನವಿದೆ. ಅದಕ್ಕೆ ದಾನದ ಮುಖವಾಡ ಬೇಕಿಲ್ಲ. 500 ರೂಪಾಯಿವರೆಗಿನ ಟಿಕೇಟಿಗೆ ಜಿಎಸ್‌ಟಿ ವಿನಾಯಿತಿ ದೊರೆತ ಮೇಲೆ ನಮ್ಮ ಸಣ್ಣ ನಾಟಕ, ಯಕ್ಷಗಾನಗಳಿಗೆ ತೆರಿಗೆಯ ಭಯದಿಂದ ಸಹಾಯಾರ್ಥದ ಹೆಸರು ಹಿಡಿಯುವ ಅಗತ್ಯವೂ ಉಳಿದಿಲ್ಲ.

ಅಂದು ಅಂಧೇರಿಯಲ್ಲಿ ದೀಪ ಆರಿ, ರಂಗಸಜ್ಜಿಕೆ ಕಳಚಿ, ವಿಮಾನಗಳು ಬ್ಯಾಂಕಾಕಿನತ್ತ ಹಾರಿಹೋದವು. ಜಾಕ್ಸನ್ನರಿಗೆ ಮುಂಬಯಿ 82ರಲ್ಲಿ ಒಂದು ರಾತ್ರಿ ಮಾತ್ರವಾಗಿತ್ತು. ಪ್ರವಾಸಿ ಹೊರಟುಹೋಗಬಹುದು, ಆದರೆ ನಮ್ಮ ಸಂಘಗಳು ಎಲ್ಲಿಗೂ ಹೋಗುವಂತಿಲ್ಲ. ನಾಳೆ ಬೆಳಗ್ಗೆ ಅದೇ ಹೊಟೇಲಿನ ಬಾಗಿಲಿಗೆ, ಅದೇ ಚಾಳಿನ ಮೆಟ್ಟಲಿಗೆ ಮುಂದಿನ ವರ್ಷದ ಟಿಕೇಟು ಪುಸ್ತಕ ಹಿಡಿದು ಹೋಗಬೇಕಾದವರು ನಾವೇ. ಆಗ ಕೈಯಲ್ಲಿ ಕಳೆದ ವರ್ಷದ ಲೆಕ್ಕದ ಒಂದು ಹಾಳೆಯೂ ಇದ್ದರೆ, ಬಾಗಿಲು ತೆರೆದವರು ‘ಬನ್ನಿ, ಕೂತುಕೊಳ್ಳಿ’ ಎಂದಾರು.