ಆಪ್ತ ಅಂದ್ರ ಯಾರು? ಕೌನ್ಸೆಲಿಂಗ್‌ಗೆ ಹೋಗಿ ನೊಂದು ಬಂದವರ ಮಾತು

1/7

ಈ ಫೋಟೋ ನಮ್ಮೂರು ತಂಗಡಗಿ ಹೊಳಿ ದಂಡಿದು, ಸಂಜೀ ಮುಂದ ತೆಗೆದದ್ದು. ಫೋಟೋಕ್ಕೂ ಕೆಳಗಿನ ಮಾತಿಗೂ ಸಂಬಂಧ ಐತಿ. ಕಡೀತನಕ ಓದಿದ್ರ ಗೊತ್ತಾಗ್ತೈತಿ.

ಹೋದ ವಾರ ಒಬ್ಬಾಕಿ ಜೂನಿಯರ್ ಮೆಸೇಜ್ ಹಾಕಿದ್ಲು. "ಅಕ್ಕಾ, ರಾತ್ರಿ ನಿದ್ದಿ ಬರವಲ್ದು. ಓದಿದ್ದು ತಲ್ಯಾಗ ನಿಂದರವಲ್ದು. ಸುಮ್ ಸುಮ್ಕ ಅಳು ಬರ್ತೈತಿ. ಕೌನ್ಸೆಲರ್ ಕಡೆ ಹೋಗ್ಲೇನ?"

ನಾ "ಹೋಗಬ್ಯಾಡ" ಅಂತ ಟೈಪ್ ಮಾಡಿದೆ. ಕಳಸಲಿಲ್ಲ, ಅಳಿಸಿದೆ. ಆಮ್ಯಾಲ "ಹೋಗು" ಅಂತ ಟೈಪ್ ಮಾಡಿದೆ. ಅದನ್ನೂ ಕಳಸಾಕ ಕೈ ಬರಲಿಲ್ಲ. "ನಾಳೆ ಹೇಳ್ತೀನಿ ತಂಗಿ" ಅಂತಷ್ಟೇ ಬರದೆ. ಈ ಏಳು ಕ್ಯಾಪ್ಶನ್ ಆಕಿಗೆ ಕೊಡೋ ಉತ್ತರ. ಆಕಿ ಹೆಸರು ಕೇಳಬ್ಯಾಡ್ರಿ, ಹೇಳಂಗಿಲ್ಲ.

"ಮನಸಿನ ಆರೋಗ್ಯಕ್ಕ ಸಹಾಯ ತಗೋರಿ" ಅಂತ ಎಲ್ಲಾರೂ ಸ್ಟೋರಿ ಹಾಕ್ತಾರ. ಛಲೋ ಮಾತು. ಆದ್ರ ಸಹಾಯ ತಗೊಳ್ಳಾಕ ಹೋಗಿ ಇನ್ನೂ ನೊಂದು ಬಂದವರ ಬಗ್ಗೆ ಯಾರೂ ಸ್ಟೋರಿ ಹಾಕಂಗಿಲ್ಲ. ಅವರೊಳಗ ನಾನೂ ಒಬ್ಬಾಕಿ.

2/7

ಬಿಕಾಂ ಮೊದಲನೇ ವರ್ಷ. ಅಕೌಂಟ್ಸ್ ಇಂಟರ್ನಲ್. ಟ್ರಯಲ್ ಬ್ಯಾಲೆನ್ಸ್ ಕೂಡವಲ್ದು. ಮೂರು ಸಲ ಕೂಡಿಸಿದೆ. ಕೈ ನಡಗಾಕ ಹತ್ತಿದ್ವು, ಎದಿ ಡವಡವ, ಉಸಿರು ಕಟ್ಟಿದಂಗಾತು. ಪೇಪರ್ ಅರ್ಧಕ್ಕ ಬಿಟ್ಟು ಎದ್ದು ಬಂದೆ. ಆಮ್ಯಾಲ ಪುಸ್ತಕ ಹಿಡಿದ್ರ ಸಾಕು, ಅದೇ ಶುರು ಆಗ್ತಿತ್ತು.

ಒಬ್ಬ ಗೆಳತಿ ಹೇಳಿದ್ದಕ್ಕ ಒಬ್ಬ ಕೌನ್ಸೆಲರ್ ಹತ್ರ ಹೋದೆ. ಯಾರು, ಎಲ್ಲಿ ಅಂತ ಬರಿಯಂಗಿಲ್ಲ. ಬಾಗಲಾ ತೆರೆದೇ ಇತ್ತು, ಮಂದಿ ಒಳಗ ಹೊರಗ ಅಡ್ಡಾಡ್ತಿದ್ರು. ಮೊದಲನೇ ಪ್ರಶ್ನಿ "ಯಾವೂರು?" ಎರಡನೇದು "ಯಾವ ಮಂದಿ ನೀವು?" ನಾ ಉಸಿರು ಕಟ್ಟೋದರ ಬಗ್ಗೆ ಹೇಳೋದ್ರಾಗ ಒಬ್ಬ ಕ್ಲಾಸ್‌ಮೇಟ್ ಹುಡುಗನ ಹೆಸರು ಬಂತು. ನೋಟ್ಸ್ ಕೊಟ್ಟಾವ, ಧೈರ್ಯ ಹೇಳಿದಾವ, ಅಷ್ಟೇ. ಅವರು ಪೆನ್ನು ಕೆಳಗಿಟ್ಟು, "ಹಂಗಾರ ಇದು ಖರೇ ಕಾರಣ" ಅಂದ್ರು. ನಾ ಅಲ್ಲ ಅಂದೆ. ಅವರು ನಕ್ಕರು.

ಮರುದಿನ ಹಾಸ್ಟೆಲ್ ಮುಂದ ಅಪ್ಪ ನಿಂತಿದ್ದ. ನಂಗ ಒಂದು ಮಾತೂ ಕೇಳದ ಮನೀಗೆ ಫೋನ್ ಹೋಗಿತ್ತು. ಬಸ್ಸಿನಾಗ ಊರ ತನಕ ಅಪ್ಪ ಮಾತಾಡಲಿಲ್ಲ. ಅವ್ವ ಒಂದೇ ಮಾತು ಕೇಳಿದ್ಲು: "ಹೊರಗಿನವರ ಮುಂದ ಮನಿ ಮಾತು ಯಾಕ ಹೇಳಿದಿ?" ಮೂರು ವಾರ ಮನ್ಯಾಗ ಕುಂತೆ. ಗಂಡು ನೋಡೋ ಮಾತೂ ಎದ್ದಿತ್ತು. ಸೋದರತ್ತಿ ಬಂದು ಅಪ್ಪನ ಜೋಡಿ ಜಗಳಾಡಿ ನನ್ನ ಮತ್ತ ಕಾಲೇಜಿಗೆ ಕಳಿಸಿದ್ಲು.

ಉಸಿರು ಕಟ್ಟೋದು ಹಂಗೇ ಇತ್ತು. ಅದನ್ನ ಯಾರ ಮುಂದೂ ಹೇಳಬಾರದು ಅನ್ನೋದೊಂದು ಹೊಸದಾಗಿ ಸೇರಿತು.

3/7

ಭಾಳ ದಿನ ನಂದೇ ತಪ್ಪು ಅನ್ಕೊಂಡಿದ್ದೆ. "ನಾ ಸರಿಯಾಗಿ ಹೇಳಲಿಲ್ಲೇನೋ, ನಂಗ ಈ ಕೌನ್ಸೆಲಿಂಗ್ ಹೊಂದಂಗಿಲ್ಲೇನೋ." ಆಮ್ಯಾಲ ಓದಾಕ ಶುರು ಮಾಡಿದೆ. ಇದು ನನ್ನೊಬ್ಬಾಕಿ ಕಥಿ ಅಲ್ಲ.

ಇಂಗ್ಲೆಂಡ್ ಮತ್ತ ವೇಲ್ಸ್‌ನಾಗ ಮಾತಿನ ಚಿಕಿತ್ಸೆ ತಗೊಂಡ 14,587 ಮಂದಿಯನ್ನ ಕೇಳಿ ಮಾಡಿದ ಒಂದು ಸಮೀಕ್ಷೆ 2016ರಾಗ ಪ್ರಕಟ ಆತು. ಶೇ. 5.2ರಷ್ಟು ಮಂದಿ "ಇದರಿಂದ ನಮಗ ಭಾಳ ದಿನ ಉಳಿಯುವಂಥ ಕೆಟ್ಟ ಪರಿಣಾಮ ಆಗೇತಿ" ಅಂದಿದ್ರು. ಅಂದ್ರ ಸುಮಾರು 20ರಾಗ ಒಬ್ಬರು. ಇನ್ನೊಂದು ಮಾತು: ತಮಗ ಯಾವ ರೀತಿ ಚಿಕಿತ್ಸೆ ಕೊಡಾಕತ್ತಾರ ಅಂತ ಗೊತ್ತಿಲ್ಲದವರಾಗ ಈ ತೊಂದರೆ ಹೆಚ್ಚು ಕಂಡಿತ್ತು.

ಉಳಿದ 19 ಮಂದಿಗೆ ಅಂಥಾ ಕೆಟ್ಟ ಪರಿಣಾಮ ಉಳಿದಿಲ್ಲ ಅನ್ನೋದನ್ನೂ ನೋಡ್ರಿ. ಮಾತಿನ ಚಿಕಿತ್ಸೆಯಿಂದ ಎಷ್ಟೋ ಮಂದಿ ಚೇತರಿಸಿಕೊಂಡಾರ, ಅದು ಸುಳ್ಳಲ್ಲ. ಆದ್ರ ಗುಳಿಗಿ ಚೀಟಿಯೊಳಗ ಸೈಡ್ ಎಫೆಕ್ಟ್ ಬರೀತಾರ. ಮಾತಿಗೆ ಯಾರೂ ಬರಿಯಂಗಿಲ್ಲ. "ಬರೇ ಮಾತಲ್ಲೇನು, ಏನಾಗ್ತೈತಿ" ಅಂತಾರ. ಮಾತಿಂದ ವಾಸಿ ಆಗ್ತೈತಿ ಅಂದ್ರ ಮಾತಿಂದ ಗಾಯಾನೂ ಆಗ್ತೈತಿ.

ಒಂದು ಫರಕ್ ಮಾತ್ರ ತಿಳ್ಕೋಬೇಕು. ಅಲ್ಲಿ ಕುಂತು ಅಳು ಬಂತು, ಹಳೇ ನೋವು ಎದ್ದಿತು, ಮನೀಗೆ ಬಂದು ಸುಸ್ತಾತು ಅಂದ್ರ ಅದು ಗಾಯ ಅಲ್ಲ. ಮುಳ್ಳು ತೆಗಿಯೋವಾಗ ನೋವು ಆಗೇ ಆಗ್ತೈತಿ. "ಇದು ನಂಗ ಚುಚ್ಚಿತು" ಅಂತ ಹೇಳಾಕ ಅಲ್ಲಿ ಜಾಗ ಐತೇನು, ಹೇಳಿದ್ರ ಕೇಳ್ತಾರೇನು ಅನ್ನೋದನ್ನ ನೋಡ್ರಿ. ಹೇಳಿದ್ದಕ್ಕ ನಕ್ಕರ, ಬೈದ್ರ, ನಿನ್ನ ತಲ್ಯಾಗೇ ದೋಷ ಐತಿ ಅಂದ್ರ, ಅದು ಮುಳ್ಳು ತೆಗಿಯೋದಲ್ಲ, ಇನ್ನೊಂದು ಚುಚ್ಚೋದು.

4/7

ಈಗ ನನ್ನ ಸಬ್ಜೆಕ್ಟಿಗೆ ಬರ್ತೀನಿ. ಆಡಿಟಿಂಗ್ ಕ್ಲಾಸಿನಾಗ ಮೊದಲು ಹೇಳಿಕೊಡೋದು ಏನು? ಲೆಕ್ಕ ಬರದಾವನೇ ಲೆಕ್ಕ ತಪಾಸಣೆ ಮಾಡಂಗಿಲ್ಲ. ಅವ ಕಳ್ಳ ಅಂತಲ್ಲ. ತನ್ನ ತಪ್ಪು ತನಗ ಕಾಣಂಗಿಲ್ಲ, ಅದಕ್ಕ.

ಅಮೆರಿಕದಾಗ 129 ಮಂದಿ ಚಿಕಿತ್ಸಕರನ್ನ "ನಿಮ್ಮ ಕೆಲಸದಾಗ ನೀವು ಎಷ್ಟು ಛಲೋ?" ಅಂತ ಕೇಳಿದ್ರು. 2012ರಾಗ ಬಂದ ಅಧ್ಯಯನ. ತಾನು ಸರಾಸರಿಗಿಂತ ಕಡಿಮಿ ಅಂದಾವ್ರು ಒಬ್ಬರೂ ಇರಲಿಲ್ಲ. ಸರಾಸರಿ ತಗದ್ರ, ನೂರರಾಗ 80 ಮಂದಿಗಿಂತ ತಾವು ಮ್ಯಾಲ ಅಂತ ಅವರ ಅನಿಸಿಕಿ. ಬಿಕಾಂ ಓದಿದ ಯಾರರ ಹೇಳ್ರಿ, ಎಲ್ಲಾರೂ ಸರಾಸರಿಗಿಂತ ಮ್ಯಾಲ ಇರಾಕ ಹೆಂಗ ಸಾಧ್ಯ?

ಇನ್ನೊಂದು 2005ರದು. 550 ಮಂದಿಗೆ ಚಿಕಿತ್ಸೆ ಕೊಡೋವ್ರನ್ನ "ಇವರಾಗ ಯಾರ ಸ್ಥಿತಿ ಹದಗೆಡ್ತೈತಿ?" ಅಂತ ಕೇಳಿದ್ರು. ಅವರು ತೋರಿಸಿದ್ದು 3 ಮಂದಿಯನ್ನ. ಖರೇ ಹದಗೆಟ್ಟವರು 40. ಆ ಮೂರರಾಗೂ ಸರಿ ಹೊಂದಿದ್ದು ಒಂದೇ.

ಅವರು ಕೆಟ್ಟ ಮಂದಿ ಅಲ್ಲ. ಎದುರಿಗೆ ಕುಂತಾವ ಹೇಳದ ಇದ್ರ ಅವರಿಗೆ ಹೆಂಗ ಗೊತ್ತಾಗಬೇಕು? ನಮ್ಮ ಕಡೆ ಅಂತೂ ಸರ್ ಅಂದ್ರ ಸರ್, ಮೇಡಂ ಅಂದ್ರ ಮೇಡಂ. "ಹೂಂ ರೀ ಸರ್, ಆರಾಮ ಅನಿಸ್ತು ರೀ" ಅಂತ ಹೇಳಿ ಎದ್ದು ಬರ್ತೀವಿ. ಮತ್ತ ಆ ಕಡೆ ಹೊಳ್ಳಿ ನೋಡಂಗಿಲ್ಲ. ಅವರ ವಹಿಯೊಳಗ ಅದು "ಗುಣ ಆತು" ಅಂತ ಜಮಾ ಆಗ್ತೈತಿ.

ಅದಕ್ಕ ನನ್ನ ವಾದ ಇಷ್ಟೇ: ಕೌನ್ಸೆಲಿಂಗ್‌ನ ಲೆಕ್ಕ ತಪಾಸಣೆ ಮಾಡಬೇಕಾದವರು ಎದುರಿಗೆ ಕುಂತಾವ್ರು. ಆ ತಪಾಸಣೆಯನ್ನ ಕೇಳಿ ಪಡಿಯೋದು ಕೌನ್ಸೆಲರ್ ಕೆಲಸ. ನೊಂದಾವ್ರೇ ಧೈರ್ಯ ಮಾಡಿ ಹೇಳಬೇಕು ಅಂತ ಕಾಯೋದು ಸರಿ ಅಲ್ಲ.

5/7

ಕಾನೂನು ಏನು ಹೇಳ್ತೈತಿ? ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರಾಗ ಆತು, 2018ರ ಮೇ 29ರಿಂದ ಜಾರಿಗೆ ಬಂತು. ಅದರ 23ನೇ ಕಲಂ ಪ್ರಕಾರ ಚಿಕಿತ್ಸೆಯ ಮಾತು ಗುಟ್ಟಾಗಿ ಇಡೋದು ಚಿಕಿತ್ಸೆ ಕೊಡೋವ್ರ ಕರ್ತವ್ಯ. ಜೀವಕ್ಕ ಅಪಾಯ ಇದ್ರ, ಬ್ಯಾರೆಯವರಿಗೆ ಹಾನಿ ಆಗೋ ಹಂಗಿದ್ರ, ಕೋರ್ಟ್ ಹೇಳಿದ್ರ, ಇಂಥಾ ಕೆಲವು ವಿನಾಯಿತಿ ಅದಾವು. ಸೇವೆಯೊಳಗ ಕೊರತಿ ಆದ್ರ ದೂರು ಕೊಡೋ ಹಕ್ಕು 28ನೇ ಕಲಂದಾಗ ಐತಿ: ಮೊದಲು ಆ ಸಂಸ್ಥೆಯ ಮುಖ್ಯಸ್ಥರಿಗೆ, ಅಲ್ಲಿ ಆಗಲಿಲ್ಲಂದ್ರ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ, ಅಲ್ಲೂ ಆಗಲಿಲ್ಲಂದ್ರ ರಾಜ್ಯ ಪ್ರಾಧಿಕಾರಕ್ಕ.

ಆದ್ರ ಒಂದು ತೂತು ಐತಿ. ಈ ಕಾಯ್ದೆ ನೋಡೋದು ಹೆಚ್ಚಾಗಿ ಆಸ್ಪತ್ರೆ, ವೈದ್ಯರು, ನೋಂದಾಯಿತ ಮನಶ್ಶಾಸ್ತ್ರಜ್ಞರ ಕಡೆ. "ಸಿಎ" ಅಂತ ಬೋರ್ಡ್ ಹಾಕಬೇಕಂದ್ರ ಐಸಿಎಐ ಸದಸ್ಯತ್ವ ಬೇಕೇ ಬೇಕು, ಸುಳ್ಳು ಬೋರ್ಡ್ ಹಾಕಿದ್ರ ಶಿಕ್ಷೆ ಐತಿ. ಕ್ಲಿನಿಕಲ್ ಸೈಕಾಲಜಿಸ್ಟ್ ಅನ್ನಬೇಕಂದ್ರ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಬೇಕು. ಆದ್ರ "ಕೌನ್ಸೆಲರ್" ಅನ್ನೋ ಬೋರ್ಡ್? ಎರಡು ದಿನದ ಆನ್‌ಲೈನ್ ಸರ್ಟಿಫಿಕೇಟ್ ತಗೊಂಡಾವ್ರೂ ಹಾಕ್ತಾರ. 2021ರ ಸಹವರ್ತಿ ಆರೋಗ್ಯ ವೃತ್ತಿಗಳ ಕಾಯ್ದೆಯ ಪಟ್ಟಿಯೊಳಗ ಮನಶ್ಶಾಸ್ತ್ರಜ್ಞರೂ ಕೌನ್ಸೆಲರ್‌ಗಳೂ ಬರ್ತಾರ. ಅದು ಕಾಗದದ ಮ್ಯಾಲಿಂದ ನಮ್ಮ ತಾಲೂಕಿಗೆ ಇಳಿದು ಬರಬೇಕು.

ಚಿಕಿತ್ಸೆ ಹೆಸರಿನಾಗ ತಮ್ಮ ನಂಬಿಕಿ ಹೇರೋದೂ ಒಂದು ಗಾಯ. ಸಲಿಂಗಿ ಹುಡುಗ ಹುಡುಗಿಯರನ್ನ "ಸರಿ ಮಾಡ್ತೀವಿ" ಅಂತ ಕರಕೊಂಡು ಹೋಗೋದು ನಿಮಗ ಗೊತ್ತಿರಬಹುದು. 2021ರ ಜೂನ್‌ದಾಗ ಮದ್ರಾಸ್ ಹೈಕೋರ್ಟ್ ಅಂಥಾ ಚಿಕಿತ್ಸೆ ನಿಲ್ಲಸ್ರಿ ಅಂತು. 2022ರಾಗ ರಾಷ್ಟ್ರೀಯ ವೈದ್ಯಕೀಯ ಆಯೋಗ ಅದನ್ನ ವೈದ್ಯರ ವೃತ್ತಿ ದುರ್ನಡತೆ ಅಂತ ಹೇಳಿತು. ನಂಗ ಹಿಡಿಸಿದ ಮಾತು ಬ್ಯಾರೆ. ಆ ತೀರ್ಪು ಕೊಟ್ಟ ನ್ಯಾಯಮೂರ್ತಿ ಎನ್. ಆನಂದ್ ವೆಂಕಟೇಶ್ ಅವರು, ಈ ವಿಷಯ ತಮಗೇ ಪೂರ್ತಿ ತಿಳಿದಿಲ್ಲ ಅಂತ ಒಪ್ಪಿಕೊಂಡು, ಮೊದಲು ತಾವೇ ಒಬ್ಬ ಮನಶ್ಶಾಸ್ತ್ರಜ್ಞರ ಹತ್ರ ಕುಂತು ಕೇಳಿ ತಿಳಕೊಂಡ್ರು. ಹೈಕೋರ್ಟ್ ಜಡ್ಜ್ "ನಂಗ ಗೊತ್ತಿಲ್ಲ" ಅನ್ನಬಹುದು ಅಂದ್ರ, ನಮ್ಮ ಕೌನ್ಸೆಲರ್ ಸರ್ ಯಾಕ ಅನ್ನಬಾರದು?

6/7

ಕೌನ್ಸೆಲರ್‌ಗಳಿಗೆ, ಮುಂದ ಸೈಕಾಲಜಿ, ಎಂಎಸ್‌ಡಬ್ಲ್ಯೂ ಮಾಡಬೇಕಂತಿರೋ ದೋಸ್ತರಿಗೆ, ನಮ್ಮ ಕಡಿಂದ ಇಷ್ಟು ಕೇಳೋದೈತಿ:

ಒಂದು. ಬಾಗಲಾ ಹಾಕ್ರಿ. ಯಾವ ಮಾತು ಗುಟ್ಟು, ಯಾವಾಗ ಮಾತ್ರ ಹೊರಗ ಹೇಳಬೇಕಾಗ್ತೈತಿ ಅನ್ನೋದನ್ನ ನಾವು ಬಾಯಿ ಬಿಡೋಕಿಂತ ಮೊದಲ ಹೇಳ್ರಿ. ಮನೀಗೆ ಹೇಳಲೇಬೇಕು ಅಂತಾದ್ರ ಮೊದಲು ನಮಗ ತಿಳಸ್ರಿ, ನಮ್ಮನ್ನ ಕೂಡಿಸಿಕೊಂಡೇ ಫೋನ್ ಮಾಡ್ರಿ.

ಎರಡು. ಪ್ರತಿ ಸಲ ಏಳೋಕಿಂತ ಮೊದಲ ಐದು ನಿಮಿಷ ತಗದು ಕೇಳ್ರಿ: "ಇವತ್ತಿನ ಮಾತು ಹೆಂಗ ಅನಿಸ್ತು? ನಾ ಅಂದಿದ್ದು ಏನರ ಚುಚ್ಚಿತೇನು?" ಬಾಯಿಲೆ ಹೇಳಾಕ ನಾಚಿಕಿ ಬಂದ್ರ ಚೀಟ್ಯಾಗ ಬರಸ್ರಿ. ಇದು ದೊಡ್ಡ ಖರ್ಚಿನ ಕೆಲಸ ಅಲ್ಲ.

ಮೂರು. ತಪ್ಪಾದ್ರ "ತಪ್ಪಾತು" ಅನ್ರಿ. "ನಿನ್ನ ಒಳ್ಳೇದಕ್ಕ ಮಾಡಿದೆ" ಅಂತ ಬಾಲ ಹಚ್ಚಬ್ಯಾಡ್ರಿ. ನಂಗ ಆ ಒಂದು ಮಾತು ಸಿಕ್ಕಿದ್ರ ನಾ ಮತ್ತ ಅಲ್ಲಿಗೇ ಹೋಗ್ತಿದ್ದೆ ಅನಿಸ್ತೈತಿ.

ನಾಲ್ಕು. ನಿಮ್ಮ ಕೈಲೆ ಆಗದ್ದಕ್ಕ "ಇದು ನನ್ನ ಕೆಲಸ ಅಲ್ಲ, ಇವರ ಹತ್ರ ಹೋಗು" ಅನ್ರಿ. ಅದರಾಗ ಸಣ್ಣತನ ಇಲ್ಲ.

ಐದು. ಜಾತಿ, ಮದಿವಿ, ಬುದ್ಧಿವಾದ ನಮಗ ಮನ್ಯಾಗೇ ಸಾಕಷ್ಟು ಸಿಗ್ತಾವು. ರಾತ್ರಿ ಪರ್ಸನಲ್ ಮೆಸೇಜ್, ಮೈ ಮುಟ್ಟೋದು, ಸಂಬಂಧ ಬೆಳಸೋದು ಯಾವ ಕಾರಣಕ್ಕೂ ಇಲ್ಲ. ಹಂಗ ಯಾರರ ಮಾಡಿದ್ರ ಅದು ಚಿಕಿತ್ಸೆ ಅಲ್ಲ. ತಂಗಿ, ತಮ್ಮಾ, ತಕ್ಷಣ ಎದ್ದು ಬಾ, ನಂಬಿದವರಿಗೆ ಹೇಳು.

ಆರು. ದೂರು ಎಲ್ಲಿ ಕೊಡಬೇಕು ಅಂತ ಗ್ವಾಡಿ ಮ್ಯಾಲ ಬರದು ಹಚ್ರಿ. ಬ್ಯಾಂಕಿನಾಗ ಇರ್ತೈತಿ, ಬಸ್ಸಿನಾಗ ಇರ್ತೈತಿ, ಇಲ್ಲ್ಯಾಕ ಇರಬಾರದು?

7/7

ಹಂಗಾರ ಜೂನಿಯರ್‌ಗೆ ಏನು ಹೇಳ್ಲಿ? "ಹೋಗಬ್ಯಾಡ" ಅನ್ನಾಕ ಭಾಳ ಸುಲಭ. ಆದ್ರ ನಿಮ್ಹಾನ್ಸ್‌ನವರು ಮಾಡಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನೋಡ್ರಿ. ಬ್ಯಾರೆ ಬ್ಯಾರೆ ಕಾಯಿಲಿಗೆ ತಕ್ಕಂಗ ಶೇ. 70ರಿಂದ 92ರಷ್ಟು ಮಂದಿಗೆ ಚಿಕಿತ್ಸೆಯೇ ಸಿಕ್ಕಿಲ್ಲ. ನಮ್ಮ ಕಡೆ ಇನ್ನೂ "ಧಾರವಾಡಕ್ಕ ಕಳಸ್ತೀನಿ ನೋಡು" ಅನ್ನೋದು ಬೈಗಳ. 1845ರಾಗ ಶುರು ಆದ ಆ ಆಸ್ಪತ್ರೆ ಇವತ್ತು ಡಿಮ್ಹಾನ್ಸ್ ಆಗಿ ಡಾಕ್ಟರ್‌ಗಳನ್ನ ತಯಾರು ಮಾಡ್ತೈತಿ, ಬೈಗಳ ಮಾತ್ರ ಬದಲಾಗಿಲ್ಲ. ಇಂಥಾದ್ರಾಗ ಧೈರ್ಯ ಮಾಡಿ ಹೋದ ಒಬ್ಬಾಕಿ ನೊಂದು ಬಂದ್ರ, ಆಕಿ ಹಿಂದ ಹೋಗಬೇಕಂದಿದ್ದ ನಾಕು ಮಂದಿನೂ ನಿಲ್ತಾರ. ನಾ "ಹೋಗಬ್ಯಾಡ" ಅಂದ್ರ ಐದನೇದಾಕಿನೂ ನಿಲ್ತಾಳ.

ನಾ ಹೊಳ್ಳಿ ಹೋಗಿದ್ದು ಹೆಂಗ ಅಂದ್ರ, ಒಂದು ರಾತ್ರಿ 14416ಕ್ಕ ಫೋನ್ ಹಚ್ಚಿದೆ. ಟೆಲಿ ಮಾನಸ್. 2022ರ ಅಕ್ಟೋಬರ್ 10ರಂದು ಶುರು ಆದದ್ದು, ಪುಕ್ಕಟೆ, ದಿನದ 24 ತಾಸು, ಕನ್ನಡದಾಗ ಮಾತಾಡ್ತಾರ. ಮೊದಲ ಸಲ ಅಂಜಿ ನಾನೇ ಕಟ್ ಮಾಡಿದೆ. ಎರಡನೇ ಸಲ ಆ ಕಡೆ ಇದ್ದ ಅಕ್ಕ ಕೇಳಿದ್ಲು: "ಈಗ ಮಾತಾಡಾಕ ಆರಾಮ ಐತೇನ್ರಿ? ಹತ್ರ ಯಾರರ ಅದಾರೇನು?" ಅಷ್ಟು ಕೇಳಿದ್ದಕ್ಕ ನಂಗ ಅಳು ಬಂತು. ಯಾಕಂದ್ರ ಅದಕ್ಕೂ ಮೊದಲು ಯಾರೂ ಅದನ್ನ ಕೇಳಿರಲಿಲ್ಲ.

ಈಗ ಫೋಟೋ. ತಂಗಡಗಿ ಅಂದ್ರ ನೀಲಮ್ಮನವರ ಐಕ್ಯಸ್ಥಳ, ಹಡಪದ ಅಪ್ಪಣ್ಣನವರ ಪೀಠ. ಕೂಡಲಸಂಗಮದಿಂದ ಕಲ್ಯಾಣಕ್ಕ ಹೋಗಿ ನೀಲಮ್ಮನವರನ್ನ ಕರಕೊಂಡು ಬಾ ಅಂತ ಬಸವಣ್ಣನವರು ಕಳಿಸಿದ್ದು ಅಪ್ಪಣ್ಣನವರನ್ನ ಅಂತ ನಮ್ಮ ಕಡೆ ಹೇಳ್ತಾರ. ಅಪ್ಪಣ್ಣ ಬಸವಣ್ಣನವರ ಆಪ್ತ. ಸಣ್ಣಾಕಿ ಇದ್ದಾಗಿಂದ ಈ ಶಬ್ದ ಕೇಳೇನಿ. ಕೌನ್ಸೆಲರ್‌ಗೆ ಕನ್ನಡದಾಗ ಏನಂತಾರ ಗೊತ್ತೈತಲ್ಲ? ಆಪ್ತ ಸಮಾಲೋಚಕ. ಬಾಗಲಾ ಮ್ಯಾಲ ಆ ಬೋರ್ಡ್ ಹಾಕಿದ ಮ್ಯಾಲ ಮೊದಲನೇ ಶಬ್ದಕ್ಕ ತಕ್ಕಂಗ ಇರ್ರಿ.

ತಂಗಿ, ನಿನಗ ಉತ್ತರ: ಹೋಗು. ಒಳಗ ಹೋದ ಕೂಡ್ಲೆ ಮೂರು ಪ್ರಶ್ನಿ ಕೇಳು. ನೀವು ಏನು ಓದೀರಿ, ಎಲ್ಲಿ ನೋಂದಣಿ ಐತಿ? ನನ್ನ ಮಾತು ಯಾರಿಗೆಲ್ಲ ಹೇಳ್ತೀರಿ? ನಿಮ್ಮ ಮಾತು ನಂಗ ಸರಿ ಅನಿಸಲಿಲ್ಲಂದ್ರ ಹೇಳಬಹುದೇನು? ಮೂರಕ್ಕೂ ಸಿಟ್ಟಾಗದ ಉತ್ತರ ಕೊಟ್ರ ಕುಂದ್ರು. ಸಿಟ್ಟಾದ್ರ ಎದ್ದು ಬಾ, ಇನ್ನೊಬ್ಬರನ್ನ ನೋಡೋಣು. ಮನೋಚೈತನ್ಯ ಅಂತ ಮಂಗಳವಾರ ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಬರೋ ಯೋಜನೆ ಐತಿ. ನಮ್ಮಲ್ಲಿ ಯಾವ ಮಂಗಳವಾರ ಅಂತ ಕೇಳ್ಕೊಂಡು ಇಬ್ಬರೂ ಹೋಗೋಣು. ನಾ ಹೊರಗ ಬೆಂಚಿನ ಮ್ಯಾಲ ಕುಂತಿರ್ತೀನಿ.

ಉಳಿದವರಿಗೆ: ನಿಮಗೂ ಹಿಂಗ ಆಗಿದ್ರ ಕಾಮೆಂಟಿನಾಗ ಯಾರ ಹೆಸರೂ ಬರಿಬ್ಯಾಡ್ರಿ. "ನಂಗೂ ಆಗೇತಿ" ಅಂತಷ್ಟೇ ಬರೀರಿ, ಸಾಕು. ಎಷ್ಟು ಮಂದಿ ಅದೀವಿ ಅಂತ ಲೆಕ್ಕರ ಸಿಗಲಿ.

#ತಂಗಡಗಿ #ಮುದ್ದೇಬಿಹಾಳ #ಬಿಕಾಂಹುಡುಗಿ #ಮನಸಿನಲೆಕ್ಕ #ಆಪ್ತಅಂದ್ರಯಾರು